ಪರ್ಷಿಯದ ಹೆಸರು, ರೇಷ್ಮೆಯ ಮೈ

ನಗರಗೆರೆ ಕಡೆಯ ಹಳ್ಳಿಗಳಲ್ಲಿ ಬೆಕ್ಕಿನ ತಳಿ ಯಾವುದೆಂದು ಯಾರೂ ಕೇಳುವುದಿಲ್ಲ. ಆಂಧ್ರದ ಗಡಿ ಹತ್ತಿರವೇ ಇರುವುದರಿಂದ ಒಂದು ಮನೆಯಲ್ಲಿ ಅದು ‘ಬೆಕ್ಕು’, ಪಕ್ಕದ ಮನೆಯಲ್ಲಿ ‘ಪಿಲ್ಲಿ’. ಅದು ಎರಡೂ ಮನೆಯ ಹಾಲು ಕುಡಿದು, ಎರಡೂ ಮನೆಯ ಇಲಿ ಹಿಡಿಯುತ್ತದೆ. ರಾಗಿ ಮೂಟೆ, ಕಡಲೆಕಾಯಿ ಚೀಲ ಇದ್ದಲ್ಲಿ ಇಲಿ ಇದ್ದೇ ಇರುತ್ತದೆ. ರೇಷ್ಮೆ ಸಾಕುವ ಮನೆಗಳಲ್ಲಂತೂ ಇಲಿ ಹುಳುವಿಗೂ ಬಾಯಿ ಹಾಕುತ್ತದೆ, ಗೂಡಿಗೂ ಬಾಯಿ ಹಾಕುತ್ತದೆ. ಹಾಗಾಗಿ ಇಲ್ಲಿ ಬೆಕ್ಕೆಂದರೆ ಮುದ್ದಿಗಿಂತ ಮೊದಲು ಕಾವಲು.

ಇಂಥ ಮನೆಗಳ ಮಕ್ಕಳು ಈಗ ಮೊಬೈಲ್ ಪರದೆಯ ಮೇಲೆ ಇನ್ನೊಂದು ಬೆಕ್ಕನ್ನು ಕಾಣುತ್ತಿದ್ದಾರೆ. ಹತ್ತಿಯ ಉಂಡೆಯಂಥ ಮೈ, ತಾಮ್ರದ ಬಣ್ಣದ ಗುಂಡು ಕಣ್ಣು, ಇದೆಯೋ ಇಲ್ಲವೋ ಎನ್ನುವಂಥ ಮೂಗು, ಬೀಸಣಿಗೆಯಂಥ ಬಾಲ. ಅದೇ ಪರ್ಷಿಯನ್ ಬೆಕ್ಕು. ಗೌರಿಬಿದನೂರಿನಲ್ಲಿ ರೈಲು ಹತ್ತಿದರೆ ಬೆಂಗಳೂರು. ಅಲ್ಲಿನ ಅಂಗಡಿಗಳಲ್ಲಿ ಅದರ ಮರಿ ದುಡ್ಡಿಗೆ ಸಿಗುತ್ತದೆ. ‘ಒಂದು ಕೊಡಿಸಿ’ ಎಂದು ಮಕ್ಕಳು ಹಟ ಹಿಡಿದರೆ ಅಪ್ಪ ಅಮ್ಮ ಮೊದಲು ಕೇಳುವುದು ಬೆಲೆಯನ್ನು. ಆದರೆ ಬೆಲೆಗಿಂತ ಮೊದಲು ಕೇಳಬೇಕಾದ ಪ್ರಶ್ನೆಗಳು ಬೇರೆ ಇವೆ. ಈ ಬೆಕ್ಕು ಎಲ್ಲಿಂದ ಬಂತು? ಅದರ ಮೈ ಮುಖ ಹೀಗಾದದ್ದು ಹೇಗೆ? ಆ ಚೆಲುವಿಗೆ ಬೆಲೆ ತೆರುತ್ತಿರುವವರು ಯಾರು?

ಇಕ್ಕೇರಿ ಕಂಡ ಪ್ರವಾಸಿ

ನೀಳಗೂದಲಿನ ಬೆಕ್ಕಿನ ಕಥೆಯಲ್ಲಿ ಮೊದಲು ಬರುವ ಹೆಸರು ಕನ್ನಡ ನಾಡಿನ ಇತಿಹಾಸ ಓದಿದವರಿಗೆ ಹೊಸದಲ್ಲ. ರೋಮ್ ನಗರದಲ್ಲಿ 1586ರಲ್ಲಿ ಹುಟ್ಟಿದ ಪಿಯೆತ್ರೊ ದೆಲ್ಲಾ ವಲ್ಲೆ ಎಂಬ ಪ್ರವಾಸಿ 1614ರಲ್ಲಿ ವೆನಿಸ್ ಬಿಟ್ಟು ತುರ್ಕಿ, ಈಜಿಪ್ಟ್, ಬಾಗ್ದಾದ್ ಸುತ್ತಿ ಪರ್ಷಿಯಕ್ಕೆ, ಅಂದರೆ ಇಂದಿನ ಇರಾನಿಗೆ ಹೋದ. ಅಲ್ಲಿ ಖೊರಾಸಾನ್ ಪ್ರಾಂತದ ಬೆಕ್ಕುಗಳು ಅವನ ಕಣ್ಣಿಗೆ ಬಿದ್ದವು. ಆಕಾರದಲ್ಲಿ ತನ್ನೂರಿನ ಬೆಕ್ಕಿನಂತೆಯೇ ಇದ್ದರೂ ಬೂದು ಬಣ್ಣದ ಅವುಗಳ ತುಪ್ಪಳ ರೇಷ್ಮೆಯ ಹಾಗೆ ನುಣುಪಾಗಿ ಹೊಳೆಯುತ್ತದೆಂದೂ ಬಾಲದ ಕೂದಲು ಬಹಳ ಉದ್ದವೆಂದೂ 1620ರ ಸುಮಾರಿಗೆ ತನ್ನ ಪತ್ರದಲ್ಲಿ ಬರೆದ. ಇಟಲಿಗೆ ಒಯ್ಯಬೇಕೆಂದು ನಾಲ್ಕು ಜೋಡಿ ಇಟ್ಟುಕೊಂಡಿರುವುದಾಗಿಯೂ ತಿಳಿಸಿದ. ಪೋರ್ಚುಗೀಸರು ಇಂಥ ಬೆಕ್ಕುಗಳನ್ನು ಪರ್ಷಿಯದಿಂದ ಭಾರತಕ್ಕೂ ತಂದಿದ್ದರೆಂಬ ಮಾತು ಅವನ ಬರಹದಲ್ಲಿದೆ. ಅಂದರೆ ನೀಳಗೂದಲಿನ ಬೆಕ್ಕು ನಮ್ಮ ದೇಶದ ನೆಲ ಮೆಟ್ಟಿ ನಾನೂರು ವರ್ಷಗಳೇ ಆದವು.

ಇದೇ ದೆಲ್ಲಾ ವಲ್ಲೆ 1623ರಲ್ಲಿ ಸೂರತ್ತಿಗೆ ಬಂದಿಳಿದ. ಅಲ್ಲಿಂದ ಗೋವೆ, ಗೋವೆಯಿಂದ ಪೋರ್ಚುಗೀಸ್ ರಾಯಭಾರಿಯ ಜೊತೆಗೂಡಿ ಹೊನ್ನಾವರ, ಗೇರುಸೊಪ್ಪೆ. ಘಟ್ಟ ಹತ್ತಿ ಇಕ್ಕೇರಿಗೆ ಬಂದು ವೆಂಕಟಪ್ಪ ನಾಯಕನ ಆಸ್ಥಾನವನ್ನು ಕಂಡ. ಮುಂದೆ ಮಂಗಳೂರಿನ ಕಡೆ ಹೋಗಿ ಉಳ್ಳಾಲದ ರಾಣಿಯನ್ನೂ ಭೇಟಿಯಾದ. ಈ ದಾರಿಯಲ್ಲಿ ಒಂದು ದೇವಾಲಯದ ಜಗಲಿಯಲ್ಲಿ ನಾಲ್ವರು ಹುಡುಗರು ನೆಲದ ಮೇಲೆ ನಯವಾದ ಮರಳು ಹರಡಿ, ಬೆರಳಿನಿಂದ ಅಂಕಿ ಬರೆದು, ರಾಗವಾಗಿ ಹೇಳಿಕೊಳ್ಳುತ್ತ ಲೆಕ್ಕ ಕಲಿಯುತ್ತಿದ್ದುದನ್ನು ನೋಡಿ, ನಿಂತು ವಿಚಾರಿಸಿಕೊಂಡ. ನಮ್ಮ ಹಳೆಯ ಕಲಿಕೆಯ ಪದ್ಧತಿಯ ಬಗ್ಗೆ ಬರೆಯುವವರು ಇಂದಿಗೂ ಆ ವರ್ಣನೆಯನ್ನು ನೆನೆಯುತ್ತಾರೆ. ಬೆಕ್ಕಿನ ಬಾಲದ ಕೂದಲನ್ನೂ ಹುಡುಗರ ಮರಳಿನ ಅಕ್ಷರವನ್ನೂ ಅಷ್ಟೇ ಆಸಕ್ತಿಯಿಂದ ಗಮನಿಸಿದ ಕಣ್ಣು ಅವನದು.

ಹೆಸರಿಗೆ ಪರ್ಷಿಯ, ರಕ್ತ ಯೂರೋಪಿನದು

ಯೂರೋಪಿಗೆ ಹೋದ ನೀಳಗೂದಲಿನ ಬೆಕ್ಕುಗಳಲ್ಲಿ ಎರಡು ಬಗೆ. ತುರ್ಕಿಯ ಅಂಗೋರಾದಿಂದ, ಅಂದರೆ ಇಂದಿನ ಅಂಕಾರಾದಿಂದ ಬಂದ ತೆಳು ಮೈಯ ಬೆಕ್ಕು ಒಂದು. ಪರ್ಷಿಯದ್ದೆಂದು ಹೆಸರಾದ, ಮೈ ತುಂಬಿಕೊಂಡ ಬೆಕ್ಕು ಇನ್ನೊಂದು. ಶ್ರೀಮಂತರ ಮನೆಗಳಲ್ಲಿ ಇವೆರಡೂ ಬೆರೆತವು, ಊರ ಬೆಕ್ಕುಗಳ ಜೊತೆಗೂ ಸೇರಿದವು.

1871ರ ಜುಲೈ 13ರಂದು ಲಂಡನ್ನಿನ ಕ್ರಿಸ್ಟಲ್ ಪ್ಯಾಲೆಸ್‌ನಲ್ಲಿ ದೊಡ್ಡದೊಂದು ಬೆಕ್ಕಿನ ಪ್ರದರ್ಶನ ನಡೆಯಿತು. ಅದನ್ನು ಏರ್ಪಡಿಸಿದವನು ಹ್ಯಾರಿಸನ್ ವೇರ್ ಎಂಬ ಚಿತ್ರಕಾರ. ತಿರಸ್ಕಾರಕ್ಕೆ ಗುರಿಯಾಗಿದ್ದ ಬೆಕ್ಕಿಗೆ ಜನ ಮರ್ಯಾದೆ ಕೊಡಲಿ ಎಂಬುದು ಅವನ ಆಸೆ. ಯಾವ ತಳಿ ಹೇಗಿರಬೇಕೆಂದು ಅಳತೆಗೋಲುಗಳನ್ನು ಬರೆದವನೂ ಅವನೇ. ವಿಕ್ಟೋರಿಯಾ ರಾಣಿ ಕೂಡ ನೀಲಿಬೂದು ಪರ್ಷಿಯನ್ ಬೆಕ್ಕುಗಳನ್ನು ಸಾಕಿದಳು. ಅಲ್ಲಿಂದಾಚೆಗೆ ಆ ತಳಿಗೆ ಶುಕ್ರದೆಸೆ.

ಇಷ್ಟೆಲ್ಲ ಆದ ಮೇಲೂ ಅದರಲ್ಲಿ ಪರ್ಷಿಯ ಎಷ್ಟು ಉಳಿದಿದೆ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ವಿಜ್ಞಾನಿಗಳು ಲೋಕದ ಬೇರೆ ಬೇರೆ ಕಡೆಯ ಬೆಕ್ಕುಗಳ ಡಿಎನ್ಎ ಹೋಲಿಸಿ 2008ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರ್ಷಿಯನ್ ಬೆಕ್ಕು ಪಶ್ಚಿಮ ಏಷ್ಯದ ಬೆಕ್ಕುಗಳ ಗುಂಪಿಗೆ ಸೇರದೆ ಪಶ್ಚಿಮ ಯೂರೋಪಿನ ಬೆಕ್ಕುಗಳ ಗುಂಪಿನಲ್ಲಿ ಹೋಗಿ ಕುಳಿತಿತ್ತು! ಹೆಸರು ಮಾತ್ರ ಇರಾನಿನದು. ಬಹುಪಾಲು ರಕ್ತ ಯೂರೋಪಿನ ಹಟ್ಟಿ ಹಿತ್ತಿಲುಗಳ ಬೆಕ್ಕಿನದು.

ಉದ್ದ ಕೂದಲಿನ ಗುಟ್ಟು

ಮಧ್ಯ ಏಷ್ಯದ ಚಳಿಯಲ್ಲಿ ಬದುಕುವ, ದಟ್ಟ ರೋಮದ ‘ಪಲ್ಲಾಸ್’ ಎಂಬ ಕಾಡುಬೆಕ್ಕೇ ಇದರ ಮೂಲಪುರುಷ ಎಂದು 18ನೇ ಶತಮಾನದಲ್ಲಿ ಕೆಲವರು ಊಹಿಸಿದ್ದರು. ಆ ಊಹೆ ನಿಲ್ಲಲಿಲ್ಲ. ನಗರಗೆರೆಯ ಕಣಜ ಕಾಯುವ ಬೆಕ್ಕಿನಿಂದ ಹಿಡಿದು ಅರಮನೆಯ ಬೆಕ್ಕಿನವರೆಗೆ ಎಲ್ಲ ಸಾಕುಬೆಕ್ಕುಗಳ ಮೂಲವೂ ಆಫ್ರಿಕ ಮತ್ತು ಪಶ್ಚಿಮ ಏಷ್ಯದ ಒಂದೇ ಜಾತಿಯ ಕಾಡುಬೆಕ್ಕು.

ಹಾಗಿದ್ದರೆ ಕೂದಲು ಉದ್ದವಾದದ್ದು ಹೇಗೆ? ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಮೆಂಡಲನ ಬಟಾಣಿಯಷ್ಟೇ ಸೊಗಸಾದ ಪಾಠ. ಪ್ರತಿ ಕೂದಲೂ ಒಂದಷ್ಟು ಕಾಲ ಬೆಳೆದು ಆಮೇಲೆ ನಿಲ್ಲುತ್ತದೆ. ‘ಸಾಕು, ನಿಲ್ಲು’ ಎಂದು ಸೂಚನೆ ಕೊಡುವುದು ಎಫ್‌ಜಿಎಫ್5 ಎಂಬ ವಂಶವಾಹಿ. ಅದರಲ್ಲಿ ದೋಷ ಉಂಟಾದರೆ ಸೂಚನೆ ತಲುಪುವುದಿಲ್ಲ, ಕೂದಲು ಬೆಳೆಯುತ್ತಲೇ ಹೋಗುತ್ತದೆ. 2007ರಲ್ಲಿ ವಿಜ್ಞಾನಿಗಳು ಬೆಕ್ಕುಗಳಲ್ಲಿ ಇದನ್ನು ಪತ್ತೆ ಮಾಡಿದರು. ಈ ಗುಣ ದುರ್ಬಲ ಗುಣ; ತಂದೆಯಿಂದ ಒಂದು, ತಾಯಿಯಿಂದ ಒಂದು, ಹೀಗೆ ಎರಡೂ ಪ್ರತಿ ದೋಷವುಳ್ಳದ್ದಾದರೆ ಮಾತ್ರ ಕೂದಲು ಉದ್ದ. ಗುಟ್ಟಾಗಿ ಒಂದೊಂದು ಪ್ರತಿ ಹೊತ್ತ ಎರಡು ಗಿಡ್ಡಗೂದಲಿನ ಬೆಕ್ಕುಗಳಿಗೆ ಹುಟ್ಟುವ ಪ್ರತಿ ಮರಿಯೂ ನೀಳಗೂದಲಿನದಾಗುವ ಸಂಭವ ನಾಲ್ಕರಲ್ಲಿ ಒಂದು. ಊರ ಬೆಕ್ಕಿಗೂ ಒಮ್ಮೊಮ್ಮೆ ಜೂಲಿನ ಮರಿ ಹುಟ್ಟುವುದರ ಕಾರಣ ಇದೇ.

ರೂಪ, ಸ್ವಭಾವ

ಪರ್ಷಿಯನ್ ಬೆಕ್ಕಿನಲ್ಲಿ ಎಲ್ಲವೂ ಗುಂಡು. ತಲೆ ಗುಂಡು, ಕಣ್ಣು ಗುಂಡು, ಕಿವಿಯ ತುದಿಯೂ ಗುಂಡು. ಕುಳ್ಳನೆಯ ದಪ್ಪ ಕಾಲು, ಅಗಲವಾದ ಎದೆ, ಗಿಡ್ಡ ಬಾಲ. ತೂಕ ಸಾಮಾನ್ಯವಾಗಿ ಮೂರೂವರೆಯಿಂದ ಐದೂವರೆ ಕಿಲೋ. ತುಪ್ಪಳದಿಂದಾಗಿ ಅದರ ಎರಡರಷ್ಟು ದಪ್ಪ ಕಾಣುತ್ತದೆ. ಮೈಗಂಟಿದ ಮೆತ್ತನೆಯ ಒಳಗೂದಲು ಒಂದು ಪದರ, ಅದರ ಮೇಲೆ ಉದ್ದನೆಯ ಹೊರಗೂದಲು ಇನ್ನೊಂದು. ಬಿಳಿ, ಕಪ್ಪು, ಕೆಂಪು, ಕೆನೆ, ನೀಲಿಬೂದು, ಬೆಳ್ಳಿ, ಪಟ್ಟೆ ಹೀಗೆ ಬಣ್ಣ ಹಲವು. ಸಯಾಮಿ ಬೆಕ್ಕಿನೊಡನೆ ಕೂಡಿಸಿ ಪಡೆದ, ಕಿವಿ ಮುಖ ಪಾದಗಳಷ್ಟೇ ಕಪ್ಪಗಿರುವ ‘ಹಿಮಾಲಯನ್’ ಬಗೆಯೂ ಇದೆ. ಹಿಮಾಲಯಕ್ಕೂ ಅದಕ್ಕೂ ಸಂಬಂಧವಿಲ್ಲ. ಅಂಥದೇ ಬಣ್ಣದ ಮೊಲವೊಂದರ ಹೆಸರನ್ನು ಅದಕ್ಕೆ ಇಟ್ಟರು, ಅಷ್ಟೆ.

ಸ್ವಭಾವದಲ್ಲಿ ಇದು ಸಾಧು ಪ್ರಾಣಿ. ದನಿ ಮೆಲು, ನಡೆ ನಿಧಾನ. ಬೀರುವಿನ ಮೇಲೆ ಹಾರುವುದಕ್ಕಿಂತ ಚಾಪೆಯ ಮೂಲೆಯಲ್ಲಿ ಮಲಗುವುದೇ ಅದಕ್ಕೆ ಇಷ್ಟ. ಗದ್ದಲ, ನೂಕಾಟ, ಹೊಸ ಮುಖಗಳ ಜಾತ್ರೆ ಸೇರುವುದಿಲ್ಲ. ದಿನವೂ ಅದೇ ಹೊತ್ತಿಗೆ ಊಟ, ಅದೇ ಜಾಗದಲ್ಲಿ ನಿದ್ದೆ ಬೇಕು. ಬೇಗನೆ ಸಲುಗೆ ಕೊಡದು, ನಂಬಿದವರನ್ನು ಬಿಡದು. ಚಿಕ್ಕ ಮಕ್ಕಳು ಬೊಂಬೆಯೆಂದುಕೊಂಡು ಎಳೆದಾಡಿದರೆ ಪರಚುವ ಬದಲು ಮಂಚದ ಕೆಳಗೆ ಸೇರಿಕೊಳ್ಳುವುದೇ ಹೆಚ್ಚು. ಆ ಸಹನೆಯನ್ನು ಒಪ್ಪಿಗೆ ಎಂದು ತಿಳಿಯಬಾರದು.

ಬೆಕ್ಕಿಗೆ ಪ್ರಾಣಸಂಕಟ

‘ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ’ ಎಂಬುದು ಗಾದೆ. ಈ ತಳಿಯ ವಿಷಯದಲ್ಲಿ ಆಟ ಮನುಷ್ಯನದು, ಸಂಕಟ ಬೆಕ್ಕಿನದು.

ವಿಕ್ಟೋರಿಯಾ ಕಾಲದ ಚಿತ್ರಗಳಲ್ಲಿ ಪರ್ಷಿಯನ್ ಬೆಕ್ಕಿಗೆ ನೆಟ್ಟನೆಯ ಮೂಗಿದೆ. ಮುಖ ಚಪ್ಪಟೆಯಾದಷ್ಟೂ ಮುದ್ದು ಎಂಬ ರುಚಿ 20ನೇ ಶತಮಾನದಲ್ಲಿ ಬೆಳೆಯಿತು. ಗಿಡ್ಡ ಮೂಗಿನವನ್ನೇ ಆರಿಸಿ ತಲೆಮಾರಿನಿಂದ ತಲೆಮಾರಿಗೆ ಕೂಡಿಸುತ್ತ ಹೋದರು. ಕೊನೆಗೆ ಮೂಗು ಎರಡು ಕಣ್ಣುಗಳ ನಡುವೆ ಬಂದು ಕೂತಿತು. ನಮ್ಮಲ್ಲಿ ಮಾರುವವರು ‘ಪಂಚ್ ಫೇಸ್’ ಎಂದು ಹೆಚ್ಚು ದುಡ್ಡು ಕೇಳುವುದು ಇದಕ್ಕೇ. ಮೂಗು ಉಳಿದಿರುವುದು ‘ಡಾಲ್ ಫೇಸ್’.

ಮೂಗು ಗಿಡ್ಡವಾದರೆ ಉಸಿರಿನ ದಾರಿ ಇಕ್ಕಟ್ಟಾಗುತ್ತದೆ. ಕಣ್ಣೀರಿನ ನಾಳ ಸೊಟ್ಟಗಾಗಿ ನೀರು ಕೆನ್ನೆಯ ಮೇಲೆ ಹರಿದು ಕಲೆ ಕಟ್ಟುತ್ತದೆ. ದವಡೆ ಕುಗ್ಗಿ ಹಲ್ಲು ಒತ್ತೊತ್ತಾಗುತ್ತದೆ. ಇದಲ್ಲದೆ ಮೂತ್ರಪಿಂಡದಲ್ಲಿ ನೀರುಗುಳ್ಳೆಗಳೇಳುವ ವಂಶಪಾರಂಪರ್ಯದ ಕಾಯಿಲೆಯೂ ಈ ತಳಿಗೆ ಅಂಟಿದೆ. ಅದಕ್ಕೆ ಕಾರಣವಾದ ವಂಶವಾಹಿಯ ದೋಷ ತಿಳಿದದ್ದು 2004ರಲ್ಲಿ. ಆ ಹೊತ್ತಿಗೆ ಪರ್ಷಿಯನ್ ಬೆಕ್ಕುಗಳಲ್ಲಿ ಮೂರನೇ ಒಂದು ಪಾಲಿಗಿಂತ ಹೆಚ್ಚಿನವುಗಳಲ್ಲಿ ಕಾಯಿಲೆ ಹರಡಿತ್ತು. ಈಗ ಡಿಎನ್ಎ ಪರೀಕ್ಷೆಯಿಂದ ಅದನ್ನು ಮೊದಲೇ ಕಂಡುಕೊಳ್ಳಬಹುದು. ಬ್ರಿಟನ್ನಿನಲ್ಲಿ 3,200ಕ್ಕೂ ಹೆಚ್ಚು ಪರ್ಷಿಯನ್ ಬೆಕ್ಕುಗಳ ಚಿಕಿತ್ಸೆಯ ದಾಖಲೆಗಳನ್ನು ಪರಿಶೀಲಿಸಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಪ್ರಕಾರ, ಸುಮಾರು ಮೂರರಲ್ಲಿ ಎರಡು ಬೆಕ್ಕುಗಳಿಗೆ ಒಂದಲ್ಲ ಒಂದು ತೊಂದರೆಯಿತ್ತು. ಮೊದಲ ಸ್ಥಾನ ಕೂದಲಿನ ತೊಂದರೆಗೆ, ಎರಡನೆಯದು ಹಲ್ಲಿನದಕ್ಕೆ. ಸಾವಿಗೆ ಮುಖ್ಯ ಕಾರಣ ಮೂತ್ರಪಿಂಡದ ರೋಗ.

ಬೆಕ್ಕಿಗೆ ಮರ್ಯಾದೆ ತರಲು ಹೊರಟ ಹ್ಯಾರಿಸನ್ ವೇರ್ ತಾನೇ ಅಧ್ಯಕ್ಷನಾಗಿದ್ದ ಬೆಕ್ಕಿನ ಸಂಘವನ್ನು ಬಿಟ್ಟು ಹೊರಬಂದ. ಸದಸ್ಯರಲ್ಲಿ ಬಹಳ ಮಂದಿಗೆ ಬೆಕ್ಕಿನ ಕ್ಷೇಮಕ್ಕಿಂತ ಬಹುಮಾನವೇ ಮುಖ್ಯವಾಗಿದೆ ಎಂಬುದು ಅವನ ನೋವಾಗಿತ್ತು. ನೂರು ವರ್ಷಗಳ ಮೇಲೂ ಆ ಮಾತು ಹಳೆಯದಾಗಿಲ್ಲ.

ಮನೆಗೆ ತರುವ ಮುನ್ನ

ಹಾಗೆಂದು ಈ ಬೆಕ್ಕನ್ನು ಸಾಕಲೇಬಾರದು ಎಂದಲ್ಲ. ಸಾಕುವುದೆಂದರೆ ಏನೆಂದು ತಿಳಿದು ಸಾಕಬೇಕು.

ಮೊದಲನೆಯದು ಕೂದಲು. ದಿನವೂ ಹತ್ತು ಹದಿನೈದು ನಿಮಿಷ ಲೋಹದ ಬಾಚಣಿಗೆಯಿಂದ ಬಾಚಲೇಬೇಕು. ನಾಲ್ಕು ದಿನ ಬಿಟ್ಟರೆ ತುಪ್ಪಳ ಜಡೆಗಟ್ಟಿ ಚರ್ಮ ಎಳೆಯುತ್ತದೆ. ನೆಕ್ಕಿ ನುಂಗಿದ ಕೂದಲು ಹೊಟ್ಟೆಯಲ್ಲಿ ಉಂಡೆಯಾಗುತ್ತದೆ. ಗಜಕರ್ಣದಂಥ ಚರ್ಮರೋಗ ಈ ತಳಿಗೆ ಬೇಗ ತಗಲುತ್ತದೆ, ಮನೆಯ ಮಕ್ಕಳಿಗೂ ಹರಡಬಹುದು. ಒದ್ದೆ ಮಾಡಿ ಹಿಂಡಿದ ಹತ್ತಿಯಿಂದ ಕಣ್ಣಿನ ಸುತ್ತ ದಿನಾ ಒರೆಸಬೇಕು.

ಎರಡನೆಯದು ಊಟ. ಕೃಷ್ಣದೇವರಾಯ ಕೊಟ್ಟ ಬೆಕ್ಕಿಗೆ ಸುಡುವ ಹಾಲಿಟ್ಟು, ಅದು ಹಾಲು ಕಂಡರೆ ಓಡುವಂತೆ ಮಾಡಿದ ತೆನಾಲಿ ರಾಮಕೃಷ್ಣನ ಕಥೆ ಮಕ್ಕಳಿಗೆಲ್ಲ ಗೊತ್ತು. ಬೆಕ್ಕಿಗೆ ಹಾಲೇ ಆಹಾರ ಎಂಬುದು ನಮ್ಮ ನಂಬಿಕೆ. ನಿಜವಾಗಿ ಬೆಳೆದ ಬೆಕ್ಕುಗಳಲ್ಲಿ ಹೆಚ್ಚಿನವಕ್ಕೆ ಹಾಲು ಸರಿಯಾಗಿ ಜೀರ್ಣವಾಗುವುದಿಲ್ಲ. ಮಾಂಸದಲ್ಲಿರುವ ಟಾರಿನ್ ಎಂಬ ಅಂಶ ಸಿಗದಿದ್ದರೆ ಬೆಕ್ಕಿನ ಕಣ್ಣು ಕುರುಡಾಗಬಹುದು, ಹೃದಯ ಸೋಲಬಹುದು. ಊರ ಬೆಕ್ಕು ಹಾಲು ಅನ್ನ ತಿಂದರೂ ಇಲಿ ಹಿಡಿದು ಆ ಕೊರತೆ ನೀಗಿಸಿಕೊಳ್ಳುತ್ತದೆ. ಮನೆಯೊಳಗೇ ಇರುವ ಪರ್ಷಿಯನ್ನಿಗೆ ಆ ದಾರಿಯಿಲ್ಲ. ಮಾಂಸ ತಾರದ ಮನೆಯವರು ಇದನ್ನು ಮೊದಲೇ ಯೋಚಿಸಬೇಕು.

ಮೂರನೆಯದು ಸೆಕೆ. ಗೌರಿಬಿದನೂರು ಸೀಮೆಯಲ್ಲಿ ಬೇಸಿಗೆಯ ಬಿಸಿಲು 35 ಡಿಗ್ರಿ ದಾಟುತ್ತದೆ. ದಟ್ಟ ಕೂದಲು, ಗಿಡ್ಡ ಮೂಗು ಎರಡೂ ಇರುವ ಪ್ರಾಣಿಗೆ ಶೀಟಿನ ಮನೆ ಬೆಂಕಿಯ ಒಲೆ. ತಂಪು ನೆಲ, ಗಾಳಿ, ಸದಾ ನೀರು ಬೇಕು.

ಮರಿ ಕೊಳ್ಳುವಾಗ ತಾಯಿ ಬೆಕ್ಕನ್ನು ತೋರಿಸಿ ಎಂದು ಕೇಳಿ. ಮೂಗು ಇರುವ, ಕಣ್ಣು ಸ್ವಚ್ಛವಾಗಿರುವ, ಸದ್ದಿಲ್ಲದೆ ಉಸಿರಾಡುವ ಮರಿಯನ್ನು ಆರಿಸಿ. ತಾಯಿಯಿಂದ ತೀರ ಬೇಗ ಬೇರ್ಪಡಿಸಿದ ಮರಿ ಬೇಡ. ರೇಬೀಸ್ ಮೊದಲಾದ ಲಸಿಕೆಗಳಿಗೂ ಸಂತಾನಹರಣ ಚಿಕಿತ್ಸೆಗೂ ಪಶುವೈದ್ಯರನ್ನು ಕಾಣಿ. ಜ್ವರ ಎಂದು ಮನೆಯಲ್ಲಿರುವ ಪ್ಯಾರಾಸಿಟಮಾಲ್ ಮಾತ್ರೆ ಕೊಡಲೇಬೇಡಿ. ಬೆಕ್ಕಿಗೆ ಅದು ವಿಷ.

ಪರ್ಷಿಯನ್ ಬೆಕ್ಕು ಹನ್ನೆರಡು ಹದಿಮೂರು ವರ್ಷ ಬದುಕಬಲ್ಲದು. ಐದನೇ ತರಗತಿಯ ಹುಡುಗಿ ಇಂದು ತಂದ ಮರಿ ಅವಳು ಡಿಗ್ರಿ ಮುಗಿಸಿದ ಮೇಲೂ ಮನೆಯಲ್ಲಿರುತ್ತದೆ. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಹಿಂದಿನ ದಿನವೂ ಅದಕ್ಕೆ ಬಾಚಬೇಕು; ಅವಳು ಹಾಸ್ಟೆಲಿಗೆ ಹೋದರೆ ಬಾಚುವವರು ಯಾರು ಎಂದು ಈಗಲೇ ಮಾತಾಡಿಕೊಳ್ಳಬೇಕು. ಆ ಮಾತಿಗೆ ಮನೆಯಲ್ಲಿ ಸರಿಯಾದ ಉತ್ತರ ಸಿಕ್ಕಿದರೆ ಬೆಂಗಳೂರಿನ ರೈಲು ಹತ್ತಬಹುದು. ಸಿಗದಿದ್ದರೆ ಹಿತ್ತಿಲಲ್ಲಿ ರಾಗಿ ಮೂಟೆಯ ಮೇಲೆ ಕುಳಿತು ಮೀಸೆ ತೀಡುತ್ತಿರುವ ಪಿಲ್ಲಿ ಹೇಗೂ ಇದೆ. ಅದಕ್ಕೂ ಒಂದು ಲಸಿಕೆ, ಒಂದು ಬೋಗುಣಿ ನೀರು, ಒಂದಿಷ್ಟು ಅಕ್ಕರೆ ಬೇಕು.