ಹೊಳಪಿಗಲ್ಲ, ಬಿರುಕಿಗಾಗಿ

ಬಂದೂಕಿನ ಕುದುರೆ ಎಳೆದಾಗ ಗುಂಡು ಗುರಿಯ ಕಡೆ ಹೋಗುತ್ತದೆ, ಮದ್ದು ಉರಿದು ಹೊಗೆಯಾಗುತ್ತದೆ, ಕಿಡಿ ಹೊತ್ತಿಸಿದ ಪ್ರೈಮರ್ ಮತ್ತೆ ಕೆಲಸಕ್ಕೆ ಬಾರದು. ಉಳಿಯುವುದು ಹಿತ್ತಾಳೆಯ ಖಾಲಿ ತೋಟಾ ಒಂದೇ. ಅದನ್ನು ತೊಳೆದು, ಅಳತೆಗೆ ತಂದು, ಹೊಸ ಪ್ರೈಮರ್, ಮದ್ದು, ಗುಂಡು ತುಂಬಿ ಮತ್ತೆ ಬಳಸುವುದು ಅಮೆರಿಕದಲ್ಲಿ ಗುರಿ ಹೊಡೆಯುವ ಹವ್ಯಾಸವಿರುವವರ ಹಳೆಯ ಅಭ್ಯಾಸ. ಸ್ವಂತ ಬಳಕೆಗೆ ಹೀಗೆ ಮಾಡಿಕೊಳ್ಳಲು ಅಮೆರಿಕದ ಕೇಂದ್ರ ಸರ್ಕಾರದ ಪರವಾನಗಿ ಬೇಕಿಲ್ಲ. ಭಾರತದಲ್ಲಿ ಹಾಗಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ತೋಟಾ ತಯಾರಿಸಲು ಪರವಾನಗಿ ಬೇಕೇ ಬೇಕು. ಹಾಗಾಗಿ ಇದನ್ನು ಮನೆಯಲ್ಲಿ ಮಾಡಿನೋಡುವ ಪಾಠವೆಂದು ಯಾರೂ ಓದಬಾರದು. ನಾನು ಹೇಳಹೊರಟಿರುವುದು ಹಿತ್ತಾಳೆಯ ವಿಷಯ.

ಸುರತ್ಕಲ್‌ನಲ್ಲಿ ಲೋಹಶಾಸ್ತ್ರ ಓದಿ ಪೆನ್ಸಿಲ್ವೇನಿಯಾಕ್ಕೆ ಬಂದ ನನಗೆ ರೈಫಲ್ ಕ್ಲಬ್ಬಿನ ಚಟ ಹತ್ತಿದ್ದು ಈ ಖಾಲಿ ತೋಟಾಗಳಿಂದಲೇ. ಕಾಗದದ ಗುರಿಗಿಂತ, ಹೊಡೆದಾದ ಮೇಲೆ ಕಾಲ ಬಳಿ ಬಿದ್ದಿರುವ ಹಿತ್ತಾಳೆಯೇ ನನ್ನ ಕಣ್ಣು ಸೆಳೆಯುತ್ತಿತ್ತು. ನೂರಕ್ಕೆ 70 ಪಾಲು ತಾಮ್ರ, 30 ಪಾಲು ಸತು. ಈ ಬೆರಕೆಗೆ ಇಂಗ್ಲಿಷಿನಲ್ಲಿ ತೋಟಾದ ಹೆಸರನ್ನೇ ಇಟ್ಟಿದ್ದಾರೆ, ಅಷ್ಟು ಹೊಂದಿಕೊಂಡಿದೆ. ನಾನು ಬಳಸುವ .308 ವಿಂಚೆಸ್ಟರ್ ತೋಟಾದೊಳಗೆ ಒತ್ತಡ ಚದರ ಇಂಚಿಗೆ 62,000 ಪೌಂಡ್‌ವರೆಗೂ ಏರಬಹುದು. ಆ ಕ್ಷಣದಲ್ಲಿ ಹಿತ್ತಾಳೆಯ ಗೋಡೆ ಹಿಗ್ಗಿ ಬಂದೂಕಿನ ಉಕ್ಕಿಗೆ ಅಂಟಿಕೊಂಡು ಬಿಸಿ ಗಾಳಿ ಹಿಂದಕ್ಕೆ, ಹೊಡೆಯುವವನ ಮುಖದ ಕಡೆ, ನುಗ್ಗದಂತೆ ತಡೆಯುತ್ತದೆ. ಒತ್ತಡ ಇಳಿದೊಡನೆ ಚೂರು ಕುಗ್ಗಿ ಸಲೀಸಾಗಿ ಹೊರಬರುತ್ತದೆ. ಇಷ್ಟು ಹಿಗ್ಗಿ ಕುಗ್ಗಿದ್ದಕ್ಕೆ ಬೆಲೆ ಇದೆ. ಪ್ರತಿ ಸಲವೂ ಲೋಹ ಸ್ವಲ್ಪ ಗಡುಸಾಗುತ್ತದೆ, ಸ್ವಲ್ಪ ತೆಳುವಾಗುತ್ತದೆ. ಎಲ್ಲಿ ಸೋತಿದೆ ಎಂದು ಮಸಿಯ ಕೆಳಗೆ ಕಾಣುವುದಿಲ್ಲ. ತೊಳೆಯುವುದು ಅದಕ್ಕೇ.

ಇನ್ನೊಂದು ಕಾರಣವೂ ಇದೆ. ನೆಲಕ್ಕೆ ಬಿದ್ದ ತೋಟಾಕ್ಕೆ ಮರಳು ಹತ್ತಿರುತ್ತದೆ. ಅದನ್ನು ಮೊದಲಿನ ಅಳತೆಗೆ ತರಲು ಉಕ್ಕಿನ ಡೈಯೊಳಗೆ ಒತ್ತುವಾಗ ಒಂದು ಕಣ ಡೈಗೆ ನಾಟಿಕೊಂಡರೂ ಸಾಕು, ಆಮೇಲೆ ಬರುವ ಪ್ರತಿಯೊಂದು ತೋಟಾದ ಮೈಮೇಲೂ ಗೀರು ಬೀಳುತ್ತದೆ.

ನಾನು ಮೊದಲು ಹಳೆಯ ಪ್ರೈಮರನ್ನು ಕಿತ್ತುಬಿಡುತ್ತೇನೆ, ಅದು ಕೂತಿದ್ದ ಗುಳಿಯೂ ಶುಚಿಯಾಗಲಿ ಎಂದು. ಬಾಕ್ಸರ್ ಮಾದರಿಯ ತೋಟಾದಲ್ಲಿ ನಡುವೆ ಒಂದೇ ರಂಧ್ರ. ಬಾಯಿಯ ಕಡೆಯಿಂದ ಸರಳು ತೂರಿಸಿ ಒತ್ತಿದರೆ ಪ್ರೈಮರ್ ಕಳಚಿ ಬೀಳುತ್ತದೆ. ಬರ್ಡನ್ ಮಾದರಿಯಲ್ಲಿ ಸಾಮಾನ್ಯವಾಗಿ ಪಕ್ಕಪಕ್ಕ ಎರಡು ಸಣ್ಣ ರಂಧ್ರ, ಕೀಳುವುದು ತ್ರಾಸ. ಬಾಕ್ಸರ್ ಇಂಗ್ಲೆಂಡಿನ ಸೇನಾಧಿಕಾರಿ, ಬರ್ಡನ್ ಅಮೆರಿಕದವನು. ಆದರೆ ಅಮೆರಿಕ ಹಿಡಿದದ್ದು ಬಾಕ್ಸರನ ದಾರಿಯನ್ನು, ಯುರೋಪಿನ ಸೇನೆಗಳು ಹಿಡಿದದ್ದು ಬರ್ಡನ್‌ನದನ್ನು. ಮನೆಯಲ್ಲೇ ತೋಟಾ ತುಂಬಿಕೊಳ್ಳುವ ಹವ್ಯಾಸ ಅಮೆರಿಕದಲ್ಲಿ ಇಷ್ಟು ಬೆಳೆದದ್ದಕ್ಕೆ ಆ ಒಂದೇ ರಂಧ್ರದ ಪಾಲು ದೊಡ್ಡದು.

ತೊಳೆಯಲು ಎರಡು ದಾರಿ. ಒಣ ವಿಧಾನದಲ್ಲಿ ಅದುರುವ ಬಟ್ಟಲಿಗೆ ಮೆಕ್ಕೆಜೋಳದ ದಿಂಡಿನ ಪುಡಿಯನ್ನೋ ಆಕ್ರೋಟಿನ ಚಿಪ್ಪಿನ ತರಿಯನ್ನೋ ತುಂಬಿ, ತೋಟಾ ಹಾಕಿ ಕೆಲವು ಗಂಟೆ ಬಿಡುತ್ತಾರೆ. ಮೆಕ್ಕೆಜೋಳ ನಯಗೊಳಿಸುತ್ತದೆ, ಆಕ್ರೋಟು ಕೊಳೆ ಕೀಳುತ್ತದೆ. ಸುಲಭ, ಅಗ್ಗ. ಆದರೆ ನಾನು ಅದನ್ನು ಬಿಟ್ಟೆ. ಬಹುಪಾಲು ಪ್ರೈಮರ್‌ಗಳಲ್ಲಿ ಇರುವುದು ಸೀಸದ ಸಂಯುಕ್ತ. ಅದು ಉರಿದ ಬೂದಿಯೆಲ್ಲ ಆ ಪುಡಿಗೆ ಸೇರುತ್ತದೆ, ಮುಚ್ಚಳ ತೆಗೆದರೆ ಧೂಳಾಗಿ ಏಳುತ್ತದೆ. ಕಣ್ಣಿಗೆ ಕಾಣದಷ್ಟು ನುಣ್ಣನೆಯ ಸೀಸ ಬಟ್ಟೆಗೆ, ಉಗುರಿಗೆ, ಅಲ್ಲಿಂದ ಮಕ್ಕಳ ಬಾಯಿಗೆ ಹೋಗುತ್ತದೆ. ಬೆಳೆಯುವ ಮಿದುಳಿಗೆ ಸೀಸ ಎಷ್ಟು ಸ್ವಲ್ಪವಾದರೂ ವಿಷವೇ. ಮನೆಯೊಳಗೆ, ಅದರಲ್ಲೂ ಮಕ್ಕಳಿರುವ ಮನೆಯೊಳಗೆ ಇಂಥ ಅದುರುವ ಬಟ್ಟಲು ಓಡಿಸುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಮುಖಕ್ಕೇ ಹೇಳುತ್ತೇನೆ.

ನನ್ನದು ನೀರಿನ ದಾರಿ. ಗುಂಡಗೆ ತಿರುಗುವ ಪೀಪಾಯಿಗೆ ತೋಟಾ, ನೀರು, ಪಾತ್ರೆ ತೊಳೆಯುವ ಸಾಬೂನು ಒಂದಿಷ್ಟು, ಸಿಟ್ರಿಕ್ ಆಮ್ಲದ ಪುಡಿ ಚಿಟಿಕೆ, ಜೊತೆಗೆ ಕಲೆಯಾಗದ ಉಕ್ಕಿನ ಸಣ್ಣ ಕಡ್ಡಿಗಳು. ಕಡ್ಡಿಯ ದಪ್ಪ ಸುಮಾರು 1.2 ಮಿಲಿಮೀಟರ್, ಉದ್ದ 6.5. ಒಂದೆರಡು ಗಂಟೆ ತಿರುಗಿಸಿದರೆ ಅವು ತೋಟಾದ ಒಳಗೂ ಪ್ರೈಮರ್ ಗುಳಿಯ ಮೂಲೆಗೂ ಹೊಕ್ಕು ಕೆರೆಯುತ್ತವೆ. ಮುಚ್ಚಳ ತೆಗೆದಾಗ ಬರುವ ನೀರು ಕಾಡಿಗೆಯಂತೆ ಕಪ್ಪು. ಆ ಕಪ್ಪಿನಲ್ಲಿ ಸೀಸವಿದೆ. ಅಡಿಗೆಮನೆಯ ಸಿಂಕಿನ ಹತ್ತಿರಕ್ಕೂ ಅದನ್ನು ಒಯ್ಯುವುದಿಲ್ಲ, ಕೈಗವಸು ಹಾಕಿಕೊಂಡೇ ಮುಟ್ಟುತ್ತೇನೆ. ಆಮೇಲೆ ಕಡ್ಡಿ ಹುಡುಕುವ ಕೆಲಸ. ಒಂದೊಂದೇ ತೋಟಾವನ್ನು ಬೋರಲು ಕೊಡವಬೇಕು, ದೀಪದ ಬೆಳಕಿಗೆ ಹಿಡಿದು ಒಳಗೆ ಇಣುಕಬೇಕು. ಕೆಲವೊಮ್ಮೆ ಎರಡು ಕಡ್ಡಿ ಒಟ್ಟಿಗೆ ಕುತ್ತಿಗೆಯಲ್ಲಿ ಸಿಕ್ಕಿಕೊಂಡಿರುತ್ತವೆ. ಬಿದ್ದವನ್ನು ಆಯಲು ಅಯಸ್ಕಾಂತ ಬಳಸುತ್ತೇನೆ. ಹೆಚ್ಚು ಹೊತ್ತು ತಿರುಗಿಸಿದರೂ ತೊಂದರೆ: ತೋಟಾಗಳು ಒಂದಕ್ಕೊಂದು ತಾಗಿ ಬಾಯಿಯ ಅಂಚು ಬಡಿದಂತೆ ಮಡಚಿಕೊಳ್ಳುತ್ತದೆ.

ಅಮ್ಮ ಇಲ್ಲಿಗೆ ಬಂದಿದ್ದಾಗ ಇದನ್ನೆಲ್ಲ ನೋಡಿ, “ಇಷ್ಟಕ್ಕೆ ಮಿಷನ್ ಯಾಕೋ? ಹುಣಸೆಹಣ್ಣು, ಉಪ್ಪು ಹಾಕಿ ಉಜ್ಜು” ಎಂದರು. ಹುಣಸೆಯ ಮಾತು ಸರಿಯೇ. ಅದರ ಟಾರ್ಟಾರಿಕ್ ಆಮ್ಲವೂ ನನ್ನ ಸಿಟ್ರಿಕ್ ಆಮ್ಲವೂ ಮಾಡುವುದು ಒಂದೇ ಕೆಲಸ, ಮೇಲಿನ ಕಿಲುಬನ್ನು ಕರಗಿಸುವುದು. “ಉಪ್ಪು ಮಾತ್ರ ಬೇಡಮ್ಮ, ಅದು ಹಿತ್ತಾಳೆಯನ್ನ ತಿನ್ನತ್ತೆ” ಎಂದೆ. ಆಮ್ಲವೂ ಹದ ಮೀರಬಾರದು. ಹುಳಿ ಜಾಸ್ತಿಯಾದರೆ, ಹೆಚ್ಚು ಹೊತ್ತು ನೆನೆದರೆ, ಮೇಲ್ಮೈಯ ಸತು ಕರಗಿ ತಾಮ್ರ ಉಳಿದು ತೋಟಾ ನಸುಗೆಂಪಾಗುತ್ತದೆ. ಆ ಬಣ್ಣ ಕಂಡರೆ ಮುಂದಿನ ಸಲ ಪುಡಿ ಕಡಿಮೆ ಮಾಡಬೇಕೆಂದು ಅರ್ಥ.

ಕೆಲವು ಪಾಲಿಶ್‌ಗಳಲ್ಲಿರುವ ಅಮೋನಿಯಾದ ವಿಷಯದಲ್ಲಿ ಹದ ಎಂಬುದೇ ಇಲ್ಲ, ಪೂರ್ತಿ ದೂರವಿಡಬೇಕು. ಇದನ್ನು ಜಗತ್ತಿಗೆ ಕಲಿಸಿದ್ದು ಭಾರತದ ಮಳೆಗಾಲ. ಬ್ರಿಟಿಷರ ಕಾಲದಲ್ಲಿ ಅಲ್ಲಿ ದಾಸ್ತಾನಿಟ್ಟ ತೋಟಾಗಳು, ಇನ್ನೂ ಹೊಡೆಯದ ಹೊಸವು, ಮಳೆಗಾಲ ಕಳೆಯುವಷ್ಟರಲ್ಲಿ ತಾವಾಗಿಯೇ ಬಿರುಕು ಬಿಟ್ಟಿರುತ್ತಿದ್ದವು. ಯಾರೂ ಮುಟ್ಟಿಲ್ಲ, ಬೀಳಿಸಿಲ್ಲ. ತೋಟಾಗಳನ್ನು ಇಟ್ಟಿದ್ದ ಜಾಗವೆಂದರೆ ಕುದುರೆ ಲಾಯ. ಕುದುರೆ ಗಂಜಲ ಕೊಳೆತು ಏಳುವ ಅಮೋನಿಯಾ, ಮಳೆಗಾಲದ ತೇವ, ತೋಟಾ ಎಳೆದು ರೂಪಿಸುವಾಗ ಲೋಹದೊಳಗೆ ಉಳಿದುಬಿಟ್ಟ ಬಿಗಿ, ಈ ಮೂರೂ ಕೂಡಿದಾಗ ಹಿತ್ತಾಳೆ ತನ್ನ ಹರಳುಗಳ ಸಂದಿಯಲ್ಲೇ ಒಡೆಯುತ್ತದೆ. 1921ರಲ್ಲಿ ಮೂರ್, ಬೆಕಿನ್ಸೇಲ್, ಮ್ಯಾಲಿನ್ಸನ್ ಎಂಬ ಮೂವರು ಇದನ್ನು ಬಿಡಿಸಿ ವಿವರಿಸಿದರು. ಮೂರರಲ್ಲಿ ಒಂದನ್ನು ತಪ್ಪಿಸಿದರೂ ಬಿರುಕಿಲ್ಲ. ಅದಕ್ಕೇ ಕಾರ್ಖಾನೆಯಲ್ಲಿ ತೋಟಾದ ಕುತ್ತಿಗೆಯನ್ನು ಹದವಾಗಿ ಕಾಯಿಸಿ ಬಿಗಿ ಸಡಿಲಿಸುತ್ತಾರೆ. ಸೇನೆಯ ತೋಟಾಗಳ ಕುತ್ತಿಗೆಯ ಸುತ್ತ ಕಾಣುವ ನೀಲಿಗಂದು ಪಟ್ಟಿ ಆ ಕಾವಿನ ಗುರುತು. ಅದನ್ನು ಉಜ್ಜಿ ತೆಗೆಯದೆ ಹಾಗೇ ಬಿಡುತ್ತಾರೆ, ಕಾಯಿಸಿದ್ದಾರೆಂದು ತಪಾಸಣೆಯವರಿಗೆ ತಿಳಿಯಲಿ ಎಂದು.

ಸುರತ್ಕಲ್‌ನ ತರಗತಿಯಲ್ಲಿ ಓದಿದ್ದ ಈ ಪಾಠ, ಇಲ್ಲಿನ ಅಂಗಡಿಯಲ್ಲಿ ಬ್ರಾಸೋ ಪಾಲಿಶ್ ಡಬ್ಬಿ ಕೈಗೆತ್ತಿಕೊಂಡಾಗ ನನಗೆ ನೆನಪಿಗೆ ಬಂತು. ಮೂಗಿಗೆ ಹೊಡೆಯುವ ಅದರ ವಾಸನೆ ಅಮೋನಿಯಾದ್ದೇ. ದಪ್ಪಗೆ ಎರಕ ಹೊಯ್ದ ದೀಪಕ್ಕೆ, ಗಂಟೆಗೆ ಅದನ್ನು ಧಾರಾಳವಾಗಿ ಬಳಸಬಹುದು. ಅಷ್ಟು ಒತ್ತಡ ಹೊರಬೇಕಾದ ತೆಳುಗೋಡೆಯ ತೋಟಾಕ್ಕೆ ಬೇಡ. ಕಾಯಿಲೆ ಒಳಗಿದ್ದು ಮೇಲೆ ಮಾತ್ರ ಕನ್ನಡಿಯ ಹಾಗೆ ಹೊಳೆಯುವ ತೋಟಾಕ್ಕಿಂತ ಕಂದು ಕಲೆಯುಳ್ಳ ಗಟ್ಟಿ ತೋಟಾ ಎಷ್ಟೋ ಮೇಲು.

ತೊಳೆದವನ್ನು ಪೂರ್ತಿ ಒಣಗಿಸಬೇಕು, ಒಂದು ಹನಿ ನೀರು ಉಳಿದರೂ ಮದ್ದು ಕೆಡುತ್ತದೆ. ಬೇಗ ಆಗಲೆಂದು ಓವನ್ನಿನಲ್ಲಿ ಜೋರು ಕಾವು ಕೊಡುವುದು ಅಪಾಯ. ಕುತ್ತಿಗೆ ಮೆದುವಾಗಿರಬೇಕು ನಿಜ, ಬುಡ ಮಾತ್ರ ಗಡುಸಾಗಿಯೇ ಇರಬೇಕು. ಅದು ಮೆದುವಾದರೆ ಒತ್ತಡಕ್ಕೆ ಹರಿಯುತ್ತದೆ. ನಾನು ಟವೆಲ್ ಮೇಲೆ ಹರಡಿ ಫ್ಯಾನ್ ಹಾಕಿ ಬಿಡುತ್ತೇನೆ.

ನಂತರ ಕಿಟಕಿಯ ಬಳಿ ಕೂತು ನೋಡುವುದು. ಕುತ್ತಿಗೆಯಲ್ಲಿ ಕೂದಲೆಳೆಯ ಸೀಳಿದ್ದರೆ ಶುಚಿಯಾದ ಹಿತ್ತಾಳೆಯಲ್ಲಿ ಕಪ್ಪಗೆ ಕಾಣುತ್ತದೆ. ಬುಡದಿಂದ ಸ್ವಲ್ಪ ಮೇಲೆ ಸುತ್ತಲೂ ಬೆಳ್ಳನೆಯ ಗೆರೆ ಮೂಡಿದ್ದರೆ ಅಲ್ಲಿ ಗೋಡೆ ಒಳಗಿನಿಂದ ತೆಳುವಾಗಿದೆಯೇನೋ ಎಂದು ಅನುಮಾನಿಸಬೇಕು. ಪೇಪರ್ ಕ್ಲಿಪ್ ನೆಟ್ಟಗೆ ಮಾಡಿ, ತುದಿ ಚೂರು ಬಗ್ಗಿಸಿ, ಒಳಗೋಡೆಗೆ ಒತ್ತಿ ಬುಡದಿಂದ ಮೇಲಕ್ಕೆ ಎಳೆಯುತ್ತೇನೆ. ತುದಿ ಎಲ್ಲಾದರೂ ತೊಡರಿದರೆ ಅಲ್ಲಿ ಕೊರೆದಿದೆ ಎಂದೇ ಲೆಕ್ಕ. ಹಾಗೆ ಸಿಕ್ಕ ತೋಟಾದ ಬಾಯನ್ನು ಕೂಡಲೇ ಇಕ್ಕಳದಲ್ಲಿ ಹಿಸುಕಿ ಚಪ್ಪಟೆ ಮಾಡಿ ಗುಜರಿ ಬಕೆಟ್ಟಿಗೆ ಎಸೆಯುತ್ತೇನೆ, ಮರೆತು ಕೂಡ ಒಳ್ಳೆಯವುಗಳ ಜೊತೆ ಬೆರೆಯಬಾರದು. ಉಳಿದವಕ್ಕೆ ಡೈಯಲ್ಲಿ ಸಿಕ್ಕಿಕೊಳ್ಳದಂತೆ ಮೇಣ ಸವರಿ ಮುಂದಿನ ಕೆಲಸಕ್ಕೆ ಎತ್ತಿಡುತ್ತೇನೆ.