ಕಣ್ಣಿಗೆ ಕಾಣದ ಮೇಷ್ಟರು

ಕಂಪ್ಯೂಟರ್ ಪರದೆಯ ಮುಂದೆ ವಿದ್ಯಾರ್ಥಿಯೊಬ್ಬ ತರ್ಕದ ಸಮಸ್ಯೆ ಬಿಡಿಸುತ್ತಿದ್ದಾನೆ. ನಡುವೆ 'ನಾನು' ಎಂಬರ್ಥದ ಪದ, ಅದರ ಬೆನ್ನಿಗೇ ಮೆಚ್ಚುಗೆಯ ಇನ್ನೊಂದು ಪದ ಮಿಂಚಿ ಮರೆಯಾಗುತ್ತವೆ. ಅವನ್ನು ಕಂಡೆನೆಂಬ ಅರಿವೇ ಅವನಿಗಿರುವುದಿಲ್ಲ. ಕೆನಡಾದ ಮಾಂಟ್ರಿಯಲ್ ವಿಶ್ವವಿದ್ಯಾಲಯದಲ್ಲಿ ಕ್ಲೋಡ್ ಫ್ರಾಸನ್ ಅವರ ತಂಡ 2010ರ ಆಸುಪಾಸಿನಲ್ಲಿ ಇಂತಹ ಪ್ರಯೋಗಗಳನ್ನು ನಡೆಸಿತು. ಕಲಿಯುವವರ ಆತ್ಮವಿಶ್ವಾಸ ಹೆಚ್ಚಿಸಿ, ಕಲಿಕೆಯನ್ನು ಸುಧಾರಿಸುವುದು ಉದ್ದೇಶ. ಉತ್ತೇಜಕ ಫಲಿತಾಂಶಗಳನ್ನೂ ಅದು ವರದಿ ಮಾಡಿತು.

ಅರಿವಿನ ಹೊಸ್ತಿಲು ದಾಟದ ಈ ಸಂಕೇತಗಳ ಚರಿತ್ರೆ ಅಷ್ಟೇನೂ ಶುಭ್ರವಲ್ಲ. 1957ರಲ್ಲಿ ಜೇಮ್ಸ್ ವಿಕಾರಿ ಎಂಬ ಅಮೆರಿಕದ ಮಾರುಕಟ್ಟೆ ಸಂಶೋಧಕ, ಚಿತ್ರಮಂದಿರದ ತೆರೆಯ ಮೇಲೆ ಗುಪ್ತ ಸಂದೇಶ ಮಿನುಗಿಸಿ ಪಾಪ್‌ಕಾರ್ನ್ ಮಾರಾಟವನ್ನು ಶೇ 57.7ರಷ್ಟು ಏರಿಸಿದ್ದಾಗಿ ಹೇಳಿಕೊಂಡ. ಜಗತ್ತು ಬೆಚ್ಚಿತು. 1962ರಲ್ಲಿ ಅದೊಂದು ಪ್ರಚಾರತಂತ್ರವೆಂದು ಅವನೇ ಒಪ್ಪಿಕೊಂಡ. ಆನಂತರ ಪ್ರಯೋಗಾಲಯಗಳಲ್ಲಿ ಕಂಡುಬಂದ ಪರಿಣಾಮಗಳು ಬಹುಪಾಲು ಅಲ್ಪ, ಅಲ್ಪಕಾಲಿಕ.

ಆದರೆ ತಂತ್ರ ಫಲಿಸದೇ ಹೋದೀತೆಂಬುದು ನನ್ನ ಚಿಂತೆಯಲ್ಲ, ಫಲಿಸಿದರೆ ಏನೆಂಬುದು. ಪ್ರೌಢಶಾಲೆಯಲ್ಲಿ ಬೀಜಗಣಿತಕ್ಕೆ ಹೆದರಿ ಕೂರುತ್ತಿದ್ದ ನನ್ನ ಬೆನ್ನ ಹಿಂದೆ ನಿಂತು ಮೇಷ್ಟರು, 'ಪರವಾಗಿಲ್ಲ, ಇನ್ನೊಮ್ಮೆ ಮಾಡು' ಎನ್ನುತ್ತಿದ್ದರು. ಅವರೂ ನನ್ನ ಮನಸ್ಸನ್ನು ಒಲಿಸುತ್ತಿದ್ದವರೇ. ಆದರೆ ಸಮಾಧಾನಕ್ಕೆ ಹೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಂಬದಿರುವ ಸ್ವಾತಂತ್ರ್ಯವೂ ಇತ್ತು. (ಎಷ್ಟೋ ಸಲ ನಂಬಲಿಲ್ಲ. ಅಂಕಗಳೂ ನನ್ನ ಪರವಾಗಿಯೇ ಸಾಕ್ಷಿ ಹೇಳಿದವು!) ಕಾಣದ ಪದಕ್ಕೆ ಮಗು ಎದುರಾಡುವುದೆಂತು? ಪ್ರಯೋಗಾಲಯಕ್ಕೆ ಒಪ್ಪಿ ಬಂದವರ ಮಾತು ಬೇರೆ, ತರಗತಿಯಿಂದ ಎದ್ದುಹೋಗಲಾರದ ಮಗುವಿನ ಮಾತು ಬೇರೆ.

ಜನರ ಆಯ್ಕೆಯನ್ನು ಮೆಲ್ಲಗೆ ಒಳಿತಿನತ್ತ ತಿರುಗಿಸಬಹುದೆಂದು 2008ರಲ್ಲಿ ವಾದಿಸಿದ ಅರ್ಥಶಾಸ್ತ್ರಜ್ಞ ರಿಚರ್ಡ್ ಥೇಲರ್ ಮತ್ತು ಕಾನೂನುತಜ್ಞ ಕ್ಯಾಸ್ ಸನ್‌ಸ್ಟೀನ್ ಸಹ ಇಲ್ಲಿ ಗೆರೆ ಎಳೆದರು: ಬಹಿರಂಗವಾಗಿ ಸಮರ್ಥಿಸಿಕೊಳ್ಳಲಾಗದ ಉಪಾಯವನ್ನು ಸರ್ಕಾರ ಬಳಸಕೂಡದು.

ಐರೋಪ್ಯ ಒಕ್ಕೂಟದ 2024ರ ಕೃತಕ ಬುದ್ಧಿಮತ್ತೆ ಕಾನೂನು ಇಂತಹ ಗುಪ್ತ ತಂತ್ರಗಳನ್ನು ನಿಷೇಧಿಸಿದೆ. ನಿಷೇಧ 2025ರ ಫೆಬ್ರುವರಿಯಿಂದ ಜಾರಿಯಲ್ಲಿದೆ. ಆದರೆ ಅದು ಅನ್ವಯಿಸಲು ಗಣನೀಯ ಹಾನಿ ಅಥವಾ ಅದರ ಸಂಭವ ಇರಬೇಕು. 'ಮಗುವಿನ ಒಳ್ಳೆಯದಕ್ಕೇ' ಎನ್ನುವವನು ಈ ಸಂದಿಯಲ್ಲಿ ನುಸುಳಿಯಾನು. ನಮ್ಮ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಗಮನವಿರುವುದು ಮಕ್ಕಳ ಮಾಹಿತಿ, ಅವರ ವರ್ತನೆಯ ನಿಗಾ ಇವುಗಳತ್ತ. ಪರದೆಯಲ್ಲಿ ಒಂದು ಪದ ಮಿಂಚಿಸಲು ಮಗುವಿನ ಹೆಸರೂ ಬೇಕಿಲ್ಲ.

ಸರ್ಕಾರಿ ಸೇವೆಯಲ್ಲಿ ಖರೀದಿ ಕಡತಗಳನ್ನು ನೋಡಿದವನಾಗಿ ಒಂದು ಸಲಹೆ ನೀಡಬಲ್ಲೆ. ಟೆಂಡರ್ ಪತ್ರದಲ್ಲಿ ದರ, ವಾರಂಟಿ, ದುರಸ್ತಿಯ ಷರತ್ತುಗಳು ಪುಟಗಟ್ಟಲೆ ಇರುತ್ತವೆ. ಶಾಲೆಗಳಿಗೆ ಬೋಧನಾ ತಂತ್ರಾಂಶ ಕೊಳ್ಳುವಾಗ ಇನ್ನೊಂದು ಷರತ್ತು ಸೇರಲಿ: ಪರದೆಯ ಮೇಲೆ ಮೂಡುವ ಪ್ರತಿಯೊಂದನ್ನೂ, ಕ್ಷಣಾರ್ಧದ್ದಾದರೂ ಸರಿ, ಶಿಕ್ಷಕರು ಬಯಸಿದಾಗ ನಿಲ್ಲಿಸಿ ಓದುವಂತಿರಬೇಕು; ತಪ್ಪಿದರೆ ಬಿಲ್ಲು ಪಾವತಿಯಾಗದು.