ವೈಫಲ್ಯದ ಲೆಕ್ಕ ಬರೆದಿಟ್ಟ ಕುಂಬಾರ: ಬರ್ನಾರ್ ಪಲಿಸ್ಸಿ

ಹೊಸ ಉತ್ಪನ್ನವೊಂದನ್ನು ರೂಪಿಸಲು ಹೊರಡುವ ಸಣ್ಣ ಉತ್ಪಾದಕನಿಗೆ ಮೂರು ಪ್ರಶ್ನೆಗಳು ಎದುರಾಗುತ್ತವೆ. ಪ್ರಯೋಗಕ್ಕೆ ಹಣ ಎಲ್ಲಿಂದ? ಕೆಟ್ಟುಹೋದ ಸರಕನ್ನು ಏನು ಮಾಡಬೇಕು? ಕೈಗೂಡಿದ ವಿದ್ಯೆಯನ್ನು ಕಾಪಾಡಿಕೊಳ್ಳುವುದು ಹೇಗೆ? ಹದಿನಾರನೆಯ ಶತಮಾನದ ಫ್ರಾನ್ಸಿನಲ್ಲಿ ಯಾವ ಗುರುವಿನ ನೆರವೂ ಇಲ್ಲದೆ ಮೆರುಗು ಮಣ್ಪಾತ್ರೆಗಳ ಕಲೆಯನ್ನು ಸಾಧಿಸಿದ ಬರ್ನಾರ್ ಪಲಿಸ್ಸಿ ಈ ಮೂರನ್ನೂ ಎದುರಿಸಿದನು. ತನ್ನ ಅನುಭವವನ್ನು 1580ರಲ್ಲಿ ಪ್ರಕಟವಾದ ಗ್ರಂಥದಲ್ಲಿ ತಾನೇ ದಾಖಲಿಸಿದ್ದರಿಂದ ಆ ಕಥೆ ವಿವರವಾಗಿ ಉಳಿದುಬಂದಿದೆ.

ಒಂದು ಬಟ್ಟಲಿನ ಪ್ರೇರಣೆ

1510ರ ಸುಮಾರಿಗೆ ಜನಿಸಿದ ಪಲಿಸ್ಸಿಯ ಮೂಲ ಕಸುಬು ಗಾಜಿನ ಮೇಲೆ ಚಿತ್ರ ಬರೆಯುವುದು. ಗ್ರೀಕ್, ಲ್ಯಾಟಿನ್ ಭಾಷೆಗಳು ಅವನಿಗೆ ಬಾರವು. ಪಶ್ಚಿಮ ಫ್ರಾನ್ಸಿನ ಸ್ಯಾಂತ್ ಪಟ್ಟಣದಲ್ಲಿ ಸಂಸಾರ ಹೂಡಿದ್ದ ಆತನಿಗೆ ಒಮ್ಮೆ ಮೆರುಗು ಹಚ್ಚಿದ ಅತಿ ಸುಂದರವಾದ ಮಣ್ಣಿನ ಬಟ್ಟಲೊಂದನ್ನು ಯಾರೋ ತೋರಿಸಿದರು. ಗಾಜಿನ ಚಿತ್ರಗಳಿಗೆ ಬೇಡಿಕೆ ಕುಗ್ಗುತ್ತಿದ್ದ ಕಾಲವದು. ಅಂತಹ ಮೆರುಗಿನ ಗುಟ್ಟು ತಿಳಿದರೆ ಬದುಕಿಗೆ ದಾರಿಯಾದೀತೆಂದು ಅವನು ಯೋಚಿಸಿದನು. ಜೇಡಿಮಣ್ಣಿನ ಗುಣವಾಗಲಿ, ಆವಿಗೆಯ ಶಾಖವಾಗಲಿ ತಿಳಿಯದಿದ್ದ ಅವನ ಹುಡುಕಾಟ ಹದಿನೈದು ಹದಿನಾರು ವರ್ಷಗಳ ಕಾಲ ನಡೆಯಿತು.

ಗುರುತು ಹಾಕಿದ ಚೂರುಗಳು

ಹೊಸ ಮಡಕೆಗಳನ್ನು ಕೊಂಡು ಒಡೆದು, ಪ್ರತಿಯೊಂದು ಚೂರಿಗೂ ಬೇರೆ ಬೇರೆ ಮಿಶ್ರಣ ಬಳಿದು ಸುಡುವುದು ಅವನ ವಿಧಾನ. ಚೂರಿಗೆ ಗುರುತು ಹಾಕಿ, ಅದರ ಮೇಲೆ ಹಚ್ಚಿದ ದ್ರವ್ಯಗಳನ್ನು ಪ್ರತ್ಯೇಕವಾಗಿ ಬರೆದಿಡುತ್ತಿದ್ದನು. ಇಂದು ಕಾರ್ಖಾನೆಗಳಲ್ಲಿ ಇಡುವ ಬ್ಯಾಚ್ ದಾಖಲೆಯ ಉದ್ದೇಶವೂ ಇದೇ. ಕುಂಬಾರರ ಆವಿಗೆಯಲ್ಲಿ ಮಿಶ್ರಣಗಳು ಕರಗಲಿಲ್ಲ. ಕೈಯಲ್ಲಿ ಹಣ ಮುಗಿದಾಗ ಸರಕಾರದ ಪರವಾಗಿ ಉಪ್ಪಿನ ಗದ್ದೆಗಳ ನಕ್ಷೆ ಬರೆಯುವ ಕೆಲಸ ಮಾಡಿ, ಬಂದ ಸಂಪಾದನೆಯಿಂದ ಮತ್ತೆ ಪ್ರಯೋಗಕ್ಕೆ ತೊಡಗಿದನು. ಈ ಬಾರಿ ಚೂರುಗಳನ್ನು ಹೆಚ್ಚು ಶಾಖವಿರುವ ಗಾಜಿನ ಕುಲುಮೆಗೆ ಒಯ್ದನು. ಕೊನೆಗೊಮ್ಮೆ ಒಯ್ದ ಮುನ್ನೂರಕ್ಕೂ ಹೆಚ್ಚು ಮಾದರಿಗಳಲ್ಲಿ ಒಂದು, ನಾಲ್ಕು ಗಂಟೆಗಳ ಬಳಿಕ ಬಿಳುಪಾಗಿ ನುಣುಪಾಗಿ ಹೊರಬಂದಿತು. ಉಳಿದವು ವ್ಯರ್ಥವೆನ್ನುವಂತಿಲ್ಲ, ಯಾವ ಮಿಶ್ರಣ ನಿಷ್ಪ್ರಯೋಜಕವೆಂಬ ಪಟ್ಟಿ ಅವುಗಳಿಂದಲೇ ಸಿದ್ಧವಾಯಿತು.

ಕೆಟ್ಟ ಸರಕು, ಕಾದು ನಿಂತ ಸಾಲಗಾರರು

ಚೂರಿನ ಮೇಲೆ ಫಲಿಸಿದ್ದು ಪೂರ್ಣ ಪಾತ್ರೆಯ ಮೇಲೆ ಫಲಿಸಲು ಇನ್ನೂ ಹಲವು ವರ್ಷಗಳು ಬೇಕಾದವು. ತಾನೇ ಇಟ್ಟಿಗೆ ಹೊತ್ತು ಕಟ್ಟಿದ ಗೂಡನ್ನು ಆರು ದಿನ ಆರು ರಾತ್ರಿ ಉರಿಸಿದರೂ ಮೆರುಗು ಕರಗಲಿಲ್ಲ. ಮಿಶ್ರಣವನ್ನು ಬದಲಿಸಿ ಮತ್ತೆ ಉರಿಸುವಾಗ ಸೌದೆ ಮುಗಿಯಿತು. ತೋಟದ ಗೂಟಗಳನ್ನೂ ಮನೆಯ ಮೇಜುಗಳನ್ನೂ ನೆಲದ ಹಲಗೆಗಳನ್ನೂ ಬೆಂಕಿಗೆ ಹಾಕಿದನು. ಖೋಟಾ ನಾಣ್ಯ ತಯಾರಿಸುತ್ತಿದ್ದಾನೆಂದು ಊರವರು ಆಡಿಕೊಂಡರು. ಸಹಾಯಕ್ಕಿದ್ದ ಕುಂಬಾರನಿಗೆ ಕೂಲಿಯ ಬದಲು ತನ್ನ ಬಟ್ಟೆಗಳನ್ನೇ ಕೊಡಬೇಕಾಯಿತು.

ಮುಂದಿನ ದೊಡ್ಡ ಸುಡುವಿಕೆಗೆ 120 ಎಕ್ಯು ನಾಣ್ಯಗಳಿಗೂ ಹೆಚ್ಚು ವೆಚ್ಚ ತಗುಲಿತು. ಸೌದೆ, ದ್ರವ್ಯ, ಊಟದ ಒಂದು ಭಾಗ ಕೂಡ ಸಾಲದ್ದು. ಸರಕು ಮಾರಿ ತೀರಿಸುವ ಭರವಸೆಯಿದ್ದುದರಿಂದ ಬೆಳಿಗ್ಗೆಯೇ ಸಾಲ ಕೊಟ್ಟವರು ಬಂದು ಸೇರಿದರು. ಆದರೆ ಗೂಡಿನ ಗಾರೆಯಲ್ಲಿದ್ದ ಚಕಮಕಿ ಕಲ್ಲುಗಳು ಶಾಖಕ್ಕೆ ಸಿಡಿದು, ಅವುಗಳ ಹರಳುಗಳು ಕರಗಿದ ಮೆರುಗಿಗೆ ಅಂಟಿಕೊಂಡಿದ್ದವು. ಕಡಿಮೆ ಬೆಲೆಗೆ ಕೊಳ್ಳಲು ಕೆಲವರು ಮುಂದಾದರೂ ಅವನು ಮಾರಲಿಲ್ಲ. ತನ್ನ ಹೆಸರಿಗೆ ಕುಂದೆಂದು ಎಲ್ಲವನ್ನೂ ಒಡೆದುಹಾಕಿದನು. ನಗದು ಹರಿವಿನ ದೃಷ್ಟಿಯಿಂದ ಇದು ಅಪಾಯಕಾರಿ ನಿರ್ಧಾರವೇ ಸರಿ. ಅದರ ಹೊರೆ ಹಸಿದ ಸಂಸಾರದ ಮೇಲೂ ಬಿದ್ದಿತೆಂಬುದನ್ನು ಮರೆಯುವಂತಿಲ್ಲ. ಆದರೆ ಪ್ರತಿ ನಷ್ಟಕ್ಕೂ ಅವನು ಕಾರಣ ಹುಡುಕಿದನು. ಮತ್ತೊಮ್ಮೆ ಬೂದಿ ಹಾರಿ ಪಾತ್ರೆಗಳು ಕೆಟ್ಟಾಗ, ಅವುಗಳನ್ನು ಮಣ್ಣಿನ ಕವಚಗಳೊಳಗಿಟ್ಟು ಸುಡುವ ಕ್ರಮವನ್ನು ರೂಢಿಸಿಕೊಂಡನು.

ಹಲ್ಲಿ, ಹಾವು, ಕಪ್ಪೆಚಿಪ್ಪು

ಮೆರುಗಿನ ಬಟ್ಟಲಿನಿಂದ ಹೊರಟವನು ತಲುಪಿದ ನೆಲೆಯೇ ಬೇರೆ. ಸುತ್ತಲಿನ ಜೌಗು ನೆಲ, ತೊರೆ, ಕಡಲತೀರಗಳ ಜೀವಿಗಳಿಂದ ನೇರವಾಗಿ ಅಚ್ಚು ತೆಗೆದು, ಕಪ್ಪೆ, ಹಲ್ಲಿ, ಹಾವು, ಮೀನು, ಚಿಪ್ಪು, ಎಲೆಗಳು ಜೀವಂತವಾಗಿ ಹರಡಿರುವಂತೆ ತೋರುವ ತಟ್ಟೆಗಳನ್ನು ಅವನು ರೂಪಿಸಿದನು. ಇಲ್ಲಿಯೂ ತಾಂತ್ರಿಕ ತೊಡಕು ಎದುರಾಯಿತು: ಹಾವಿನ ಬಣ್ಣ ಕರಗುವ ಮೊದಲೇ ಹಲ್ಲಿಯ ಹಸಿರು ಸುಟ್ಟುಹೋಗುತ್ತಿತ್ತು. ಎಲ್ಲ ಬಣ್ಣಗಳೂ ಒಂದೇ ಶಾಖದಲ್ಲಿ ಹದಕ್ಕೆ ಬರುವಂತೆ ಮಿಶ್ರಣಗಳನ್ನು ಅವನು ಹೊಂದಿಸಬೇಕಾಯಿತು. ಸೇನಾಪತಿ ಆನ್ ದ ಮೊಂಮೊರಾನ್ಸಿ ಮತ್ತು ರಾಣಿ ಕ್ಯಾಥರಿನ್ ದ ಮೆಡಿಚಿ ಅವನ ಆಶ್ರಯದಾತರಾದರು.

ಬೆಲೆ ಉಳಿಸಿದ ಗುಟ್ಟು

ತನ್ನ ಗ್ರಂಥದಲ್ಲಿ ಪಲಿಸ್ಸಿ ತವರ, ಸೀಸ, ಕಬ್ಬಿಣ, ತಾಮ್ರ, ಆಂಟಿಮನಿ ಮೊದಲಾದ ದ್ರವ್ಯಗಳನ್ನು ಹೆಸರಿಸಿದನು. ಪ್ರಮಾಣವನ್ನು ಮಾತ್ರ ತಿಳಿಸಲಿಲ್ಲ. ಇದಕ್ಕೆ ಅವನು ನೀಡಿದ ಕಾರಣ ಅಪ್ಪಟ ವ್ಯಾಪಾರಿಯದು. ಒಂದು ಕಾಲದಲ್ಲಿ ಬೆಲೆಬಾಳುತ್ತಿದ್ದ ಲಿಮೋಜ್ ನಗರದ ಎನಾಮಲ್ ಟೋಪಿ ಬಿಲ್ಲೆಗಳು, ತಯಾರಕರು ಹೆಚ್ಚಿದಂತೆ ಡಜನ್ನಿಗೆ ಮೂರು ಸೋಲ್ ಎಂಬ ಚಿಲ್ಲರೆಗೆ ಇಳಿದುದನ್ನು ಅವನು ಕಂಡಿದ್ದನು. ಆದರೆ ವೈದ್ಯ, ಕೃಷಿಗಳ ಜ್ಞಾನವನ್ನು ಮುಚ್ಚಿಡಬಾರದೆಂಬುದು ಅವನ ನಿಲುವು. ಪ್ಯಾರಿಸ್ಸಿನಲ್ಲಿ 1575ರಿಂದ ನೀಡಿದ ಪ್ರಕೃತಿ ಉಪನ್ಯಾಸಗಳಿಗೆ ಒಂದು ಎಕ್ಯು ಪ್ರವೇಶ ಧನ ವಿಧಿಸಿ, ಹೇಳಿದ್ದು ಸುಳ್ಳೆಂದು ಕಂಡುಬಂದರೆ ನಾಲ್ಕು ಪಟ್ಟು ಹಿಂದಿರುಗಿಸುವುದಾಗಿ ಪ್ರಕಟಿಸಿದ್ದನು. ಪ್ರಾಟೆಸ್ಟೆಂಟ್ ಮತವನ್ನು ತೊರೆಯದ ಅವನು ಸುಮಾರು 1590ರಲ್ಲಿ ಬಾಸ್ತೀಲ್ ಸೆರೆಮನೆಯಲ್ಲಿ ಮೃತನಾದನು. ಹತ್ತೊಂಬತ್ತನೆಯ ಶತಮಾನದಲ್ಲಿ ಅವನ ಶೈಲಿಗೆ ಮರುಜೀವ ನೀಡಲು ಹೊರಟ ತೂರ್ ನಗರದ ಅವಿಸ್ಸೋ, ಮಿಶ್ರಣಗಳಿಗಾಗಿ ಹೊಸದಾಗಿ ವರ್ಷಗಟ್ಟಲೆ ಪ್ರಯೋಗ ನಡೆಸಬೇಕಾಯಿತು.

ಇಂದಿನ ಉತ್ಪಾದಕನಿಗೆ ಗುಟ್ಟು ಮುಚ್ಚಿಡುವುದೊಂದೇ ದಾರಿಯಲ್ಲ. 1970ರ ಪೇಟೆಂಟ್ ಕಾಯಿದೆಯಡಿ, ವಿಧಾನವನ್ನು ಬಹಿರಂಗಪಡಿಸುವುದಕ್ಕೆ ಪ್ರತಿಯಾಗಿ 20 ವರ್ಷಗಳ ಹಕ್ಕು ದೊರೆಯುತ್ತದೆ. 2000ದ ವಿನ್ಯಾಸ ಕಾಯಿದೆಯಡಿ ಹೊಸ ಆಕಾರ, ಅಲಂಕಾರಗಳನ್ನು ನೋಂದಾಯಿಸಬಹುದು. ಲೆಕ್ಕಪತ್ರ ಮಾನದಂಡ 26ರ ಪ್ರಕಾರ ಸಂಶೋಧನಾ ಹಂತದ ವೆಚ್ಚವನ್ನು ಆಯಾ ವರ್ಷದ ಖರ್ಚೆಂದೇ ತೋರಿಸಬೇಕು. ನಿಗದಿತ ಶರತ್ತುಗಳು ಪೂರೈಸಿದಲ್ಲಿ ಮಾತ್ರ ಅಭಿವೃದ್ಧಿ ಹಂತದ ವೆಚ್ಚ ಆಸ್ತಿಯೆನಿಸುತ್ತದೆ. ಆದುದರಿಂದ ಪ್ರಯೋಗದ ದಾಖಲೆಯನ್ನು ಮೊದಲ ದಿನದಿಂದಲೇ ಇಡುವುದು ಹಿತಕರ. ಪಲಿಸ್ಸಿ ಒಡೆದ ಮಡಕೆಯ ಚೂರುಗಳಿಗೂ ಆ ದಾಖಲೆಯನ್ನು ಇಟ್ಟಿದ್ದನು.